ಓದಿನ ಖೂನ

ಸಮೀನಾ ಒಮ್ಮೆಯೂ ಮೌಸ್ ಮುಟ್ಟಿದವಳಲ್ಲ. ಮುಟ್ಟಿದವರ ಕೈಗಳನ್ನು ಮಾತ್ರ ಎರಡು ವರ್ಷದಿಂದ ನೋಡುತ್ತಿದ್ದಳು. ವಳಸಂಗದ ಬಸ್ ನಿಲ್ದಾಣದ ಎದುರಿನ ದಿಲಾವರ ಮಾಮುವಿನ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಝೆರಾಕ್ಸ್, ಮೂಲೆಯಲ್ಲಿ ಅವಳ ಹೊಲಿಗೆ ಯಂತ್ರ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಕಣ್ಣು ಮಾತ್ರ ಪರದೆಯ ಮೇಲೆ.

ಆ ವಾರ ದಿಲಾವರ ಹೊಸ ಬ್ರೌಸರ್ ಹಾಕಿದ್ದ. ಅದರಲ್ಲಿ ಎಲ್ಲವೂ ಮರಾಠಿ. ನಿನ್ನೆ ಅದರಲ್ಲೇ ಹುಡುಕಿಸಿ, ಮದುವೆಗೆ ನಿಂತ ರೂಪಾಲಿ ತನ್ನ ಜಂಪರಿನ ಬೆನ್ನಿಗೆ ದಾಳಿಂಬೆ ಹೂವಿನ ಬಳ್ಳಿಯ ಕಸೂತಿ ಚಿತ್ರವೊಂದನ್ನು ಆರಿಸಿದ್ದಳು. ಸಮೀನಾ ಅರ್ಧ ಬಳ್ಳಿ ಬರೆದುಕೊಳ್ಳುವಷ್ಟರಲ್ಲಿ ಕರೆಂಟು ಹೋಗಿತ್ತು. ಅವಳಿಗೆ ಸಿಕ್ಕ ಮೊದಲ ಮದುವೆ ಜಂಪರ ಅದು.

ಇಂದು ದಿಲಾವರ ಜತ್ತಕ್ಕೆ ಹೋದಾಗಲೇ ರೂಪಾಲಿಯ ತಾಯಿ ಹಾಲವ್ವ ರೇಷ್ಮೆ ಬಟ್ಟೆ ಹಿಡಿದು ಬಂದಳು.

"ಹೂವು ಬರದಿಯೇನ ಸಮೀನಾ? ಅದ ಬಳ್ಳಿ ಬೇಕಂತ ಹಟಾ ಹಿಡದಾಳ ನಮ್ಮಕಿ. ಇಲ್ಲಂದ್ರ ಸಾಂಗ್ಲಿಯಾಗ ಹೊಲಿಸ್ತಾಳಂತ. ಅವರಪ್ಪ ಒಂದರ ಬಸ್ಸಿಗೆ ಹೊಂಟಾರ, ಬಟ್ಟಿ ಅವರ ಕೈಯಾಗ ಕೊಡತೀನಿ."

ಸಮೀನಾ ಪರದೆ ನೋಡಿದಳು; ನಿನ್ನೆಯ ಹೂವು ಅಲ್ಲಿರಲಿಲ್ಲ. ಅಂಗಡಿಯ ಫೋನಿನಿಂದ ಮಾಮುವಿಗೆ ಹಚ್ಚಿದಳು. ಬಸ್ಸಿನ ಗದ್ದಲದಲ್ಲಿ ಅವನ ಮನೆಮಾತಿನ ನಾಲ್ಕೇ ಶಬ್ದ ಕೇಳಿಸಿದವು: "ಉಸಕು ಖೂನ ಕರ್‍ಯಾ ಮೈ…" ಫೋನು ಕಟ್ಟಾಯಿತು.

ಅವಳು ಫೋನು ಕೆಳಗಿಟ್ಟಳು. "ಕಾಕು, ಹೂವು ಹೋತ್ರಿ. ಮಾಮು ಅದನ್ನ ಖೂನ ಮಾಡ್ಯಾರಂತ."

"ಚಲೋ ಆತಲ್ಲ!" ಎಂದಳು ಹಾಲವ್ವ.

"ಖೂನ್ರಿ ಕಾಕು! ಕೊಂದ ಹಾಕ್ಯಾರ!"

ಹಾಲವ್ವ ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯ ಹುಚ್ಚಿ, ಅದು ನಿಮ್ಮ ಮನಿ ಮಾತಿನ ಖೂನ. ಮೊನ್ನಿ ಸಂತ್ಯಾಗ ನನ್ನ ಖೂನ ಹಿಡೀಲಿಲ್ಲಲ್ಲ ನೀನು, ಆ ಖೂನ ಯಾವ್ದ? ಹೊಲದಾಗ ಕಲ್ಲ ಇಟ್ಟು ಖೂನ ಮಾಡ್ತೀವಲ್ಲ, ಹಂಗ ಮಾಡಿರಬೇಕ ನಿಮ್ಮ ಮಾಮು. ಹುಡುಕ."

ಗುರುತು! ಸಮೀನಾ ಪರದೆಯತ್ತ ತಿರುಗಿದಳು. ಮೇಲಿನ ಸಾಲಿನ ಒಂದು ಶಬ್ದವನ್ನು ಅವಳು ಮೂರು ದಿನದಿಂದ ಹೆದರಿಕೊಂಡೇ ನೋಡುತ್ತಿದ್ದಳು: ವಾಚನಖೂಣ. ಒತ್ತಿದರೆ ಓದಿದ್ದೆಲ್ಲ ಸಾಯುತ್ತದೆ ಎಂದುಕೊಂಡಿದ್ದಳು. ಓದಿದ ಪುಟಕ್ಕೆ ಹಾಕಿಟ್ಟ ಗುರುತು ಅದು! ಈಗ ಎರಡೂ ಕೈಯಿಂದ ಮೌಸ್ ಹಿಡಿದಳು.

"ಕೋಳಿಮರಿ ಹಿಡದಂಗ ಹಿಡೀಬ್ಯಾಡ, ಅದೇನ ಓಡಿ ಹೋಗಾಂಗಿಲ್ಲ."

ಬಾಣ ಪರದೆಯ ತುಂಬ ಓಡಾಡಿ, ಕೊನೆಗೆ ಆ ಶಬ್ದದ ಮೇಲೆ ನಿಂತಿತು. ಒತ್ತಿದಳು. ಕೆಳಗೆ ಒಂದು ಪಟ್ಟಿ ಇಳಿಯಿತು. ಗಡಿಬಿಡಿಯಲ್ಲಿ ಬೇರೇನನ್ನೋ ಒತ್ತಿದ್ದಕ್ಕೆ ಪರದೆಯ ತುಂಬ ಮೊಹರು ಬಿದ್ದ ಸರಕಾರಿ ಅರ್ಜಿ.

"ಇದೇನಿದು, ಹೂವಿನಾಗ ಶಿಕ್ಕಾ?" ಎಂದಳು ಹಾಲವ್ವ.

ತಪ್ಪಾದಾಗ ಅಂಗಡಿಗೆ ಬರುವ ಶಾಲೆಯ ಮಾಸ್ತರರು ಎಡಕ್ಕೆ ತಿರುಗಿದ ಬಾಣ ಒತ್ತುತ್ತಿದ್ದುದು ಅವಳಿಗೆ ನೆನಪಾಯಿತು. ಒತ್ತಿದಳು. ಅರ್ಜಿ ಹಿಂದೆ ಸರಿದು ಮೊದಲಿನ ಪುಟ ಬಂತು. ಮತ್ತೆ ಪಟ್ಟಿ ಇಳಿಸಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಟ್ಟಕಡೆಯ ಸಾಲಿನಲ್ಲಿತ್ತು: ರೂಪಾಲಿ.

"ಕಾಕು, ನಿಮ್ಮ ಮಗಳ ಹೆಸರ ಐತ್ರಿ ಇಲ್ಲಿ!"

ಆ ಹೆಸರನ್ನು ಒತ್ತಿದ್ದೇ ಚಿತ್ರ ಮೇಲಿನಿಂದ ಕೆಳಗೆ ನಿಧಾನವಾಗಿ ಇಳಿಯತೊಡಗಿತು. ಮೊದಲು ಕೊರಳು, ಆಮೇಲೆ ಎಲೆ, ಆಮೇಲೆ ಕೆಂಪು ಹೂವು. ಸಮೀನಾ ತೆಳ್ಳನೆಯ ಕಾಗದವೊಂದನ್ನು ಪರದೆಯ ಗಾಜಿನ ಮೇಲೆ ಹಿಡಿದಳು. ಅದು ತಾನೇ ಚಟ್ಟನೆ ಅಂಟಿಕೊಂಡಿತು. ಕರೆಂಟು ಹೋಗದಿರಲೆಂದು ಹಾಲವ್ವ ಮಲ್ಲಯ್ಯನನ್ನು ನೆನೆದಳು, ಸಮೀನಾ ಬಿಸ್ಮಿಲ್ಲಾ ಅಂದಳು. ಪೆನ್ಸಿಲ್ ಬಳ್ಳಿಯ ಮೇಲೆ ಹರಿಯಿತು.

ಬಸ್ಸು ಬಂದು ನಿಂತಿತು. ಹಾಲವ್ವನ ಗಂಡ ಶ್ರೀಶೈಲಪ್ಪ ಬಾಗಿಲಿಗೆ ಬಂದ. "ಲಗೂನ ಬಟ್ಟಿ ಕೊಡ."

"ನೀವೊಬ್ರ ಹೋಗಿ ಬರ್ರಿ, ಬಟ್ಟಿ ಇಲ್ಲೇ ಇರ್ತೈತಿ," ಎಂದು ಹಾಲವ್ವ ರೇಷ್ಮೆಯನ್ನು ಸಮೀನಾಳ ಮಡಿಲಿಗೆ ಹಾಕಿದಳು.

ಆಮೇಲೂ ಸಮೀನಾ ಏಳಲಿಲ್ಲ. ಅದೇ ಪುಟದಲ್ಲಿ ಇನ್ನೆರಡು ಬಳ್ಳಿಗಳಿದ್ದವು. ಒಂದೊಂದನ್ನೂ ತೆರೆದಳು, ವಾಚನಖೂಣ ಒತ್ತಿದಳು, ಅಲ್ಲಿದ್ದುದನ್ನು ಓದಿ ಓದಿ ಗುರುತು ಹಾಕಿದಳು. ಅಷ್ಟರಲ್ಲಿ ಫೋನು ಬಂತು. ಮಾಮು. ಎಂದೂ ದನಿ ಎತ್ತದ ಹುಡುಗಿ ಅಂಗಡಿಯ ಬಾಗಿಲಿನವರೆಗೆ ಬಂದು ಕೂಗಿದಳು:

"ಮೈ ಭೀ ದೋ ಖೂನ ಕರೀ, ಮಾಮು!"

ಹೊರಡಲಿದ್ದ ಮುಂದಿನ ಬಸ್ಸಿನ ಕಿಟಕಿಗಳೆಲ್ಲ ಒಮ್ಮೆಲೇ ಅವಳತ್ತ ತಿರುಗಿದವು.