ರಿಜಿಸ್ಟರಿನಲ್ಲಿ ಹನ್ನೆರಡು

ಮೇಸ್ತ್ರಿಯ ಕೈಯಲ್ಲಿ ಯಂತ್ರದ ಹಳೇ ಬೆಲ್ಟಿನ ತುಂಡೊಂದು ಯಾವಾಗಲೂ ಇರುತ್ತಿತ್ತು. ಮೊಳೆ ಕಾರ್ಖಾನೆಯ ಗದ್ದಲದಲ್ಲಿ ಬೈದರೆ ಯಾರಿಗೂ ಕೇಳಿಸುವುದಿಲ್ಲ. ಬೆಲ್ಟು ಬಿದ್ದರೆ ಗೊತ್ತಾಗುತ್ತದೆ. ಆ ಬೆಳಿಗ್ಗೆ ಅದು ಎರಡನೇ ಯಂತ್ರದ ಮುಂದೆ ಕುಕ್ಕರಿಸಿ ಕೂತಿದ್ದ ಹುಡುಗಿಯ ಬೆನ್ನಿನ ಮೇಲೆ ಬಿತ್ತು. ಒಂದಲ್ಲ, ಮೂರು ಸಲ.

"ಎದ್ದೇಳು. ಕೂರೋಕೆ ಬಂದಿದೀಯಾ?"

"ಕಣ್ಣು ಕತ್ತಲೆ ಬಂತು ಸಾರ್."

"ನನಗ್ಯಾಕೆ ಬರಲ್ಲ ಹಾಗಾದ್ರೆ?"

ಹತ್ತು ಮಾರು ದೂರದಲ್ಲಿ ಮೊಳೆ ತೂಗುತ್ತಿದ್ದ ಅವಳ ಅಕ್ಕ ಎಲ್ಲವನ್ನೂ ನೋಡಿದಳು. ಹನ್ನೊಂದು ವರ್ಷದಿಂದ ಅದೇ ತಕ್ಕಡಿಯ ಮುಂದೆ ನಿಂತವಳು. ಕಾರ್ಖಾನೆಯವರು ಅವಳನ್ನು ತಕ್ಕಡಿಯಕ್ಕ ಎಂದೇ ಕರೆಯುತ್ತಿದ್ದರು. ಅವರಿವರ ಕೈಕಾಲು ಹಿಡಿದು ತಂಗಿಗೆ ಈ ಕೆಲಸ ಕೊಡಿಸಿದವಳೂ ಅವಳೇ. ನೋಡಿದಳು, ಹಲ್ಲು ಕಚ್ಚಿದಳು, ಮುಂದಿನ ಪೆಟ್ಟಿಗೆಯನ್ನು ತಕ್ಕಡಿಗೆ ಎತ್ತಿಟ್ಟಳು.

ತಂಗಿ ಆರು ತಿಂಗಳಿಂದ ಬತ್ತುತ್ತಿದ್ದಳು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ತುಟಿ ಬಿಳುಚಿತ್ತು. ಉಗುರು ಬಟ್ಟಲಿನ ಹಾಗೆ ಗುಳಿಬಿದ್ದಿತ್ತು. ಇದೆಲ್ಲಕ್ಕಿಂತ ಅಕ್ಕನಿಗೆ ತಲೆನೋವಾಗಿದ್ದದ್ದು ಇನ್ನೊಂದು: ಹುಡುಗಿ ಮನೆಯ ಗೋಡೆಯನ್ನು ಉಗುರಿನಿಂದ ಕೆರೆದು ಸುಣ್ಣ ತಿನ್ನುತ್ತಿದ್ದಳು. ಹಾಸಿಗೆಯ ಪಕ್ಕದ ಗೋಡೆಯಲ್ಲಿ ಅಂಗೈಯಗಲ ಇಟ್ಟಿಗೆ ಕಾಣುತ್ತಿತ್ತು. ಒಂದು ದಿನ ಅಕ್ಕ ಕೆನ್ನೆಗೆ ಬಾರಿಸಿದ್ದಳು. "ಮಣ್ಣು ತಿನ್ನೋಕೆ ನೀನೇನು ಎರೆಹುಳಾನಾ?" ಎಂದಿದ್ದಳು. ತಂಗಿ ಬಾಯಿ ಒರೆಸಿಕೊಂಡು, "ತಡ್ಕೊಳ್ಳೋಕಾಗಲ್ಲ ಅಕ್ಕ" ಎಂದಷ್ಟೇ ಹೇಳಿದ್ದಳು.

ಕಾರ್ಖಾನೆಯಲ್ಲಿ ಊಟಕ್ಕೆ ಹದಿನೈದು ನಿಮಿಷ. ಆ ಹದಿನೈದು ನಿಮಿಷದಲ್ಲೇ ಕಪ್ಪಗೆ ಕುದಿಸಿದ ಚಹಾ ಒಂದು ದೊಡ್ಡ ಡಬರಿಯಲ್ಲಿ ಬರುತ್ತಿತ್ತು. ಅನ್ನದ ಜೊತೆಗೇ ಎರಡೆರಡು ಲೋಟ. ಹಸಿವು ಸಾಯುತ್ತದೆ, ನಿದ್ದೆ ಬರುವುದಿಲ್ಲ, ಸಂಜೆಯವರೆಗೆ ಯಾರೂ ಬಿಡುವು ಕೇಳುವುದಿಲ್ಲ. ಬೇಡ ಎಂದವರನ್ನು ಮೇಸ್ತ್ರಿ ನೆನಪಿಟ್ಟುಕೊಳ್ಳುತ್ತಿದ್ದ.

ವರ್ಷಕ್ಕೊಮ್ಮೆ ಕೆಲಸಗಾರರ ರಕ್ತ ಪರೀಕ್ಷೆ ಆಗಬೇಕೆಂದು ಸರ್ಕಾರದ ಆದೇಶ. ಹಿಂದಿನ ವರ್ಷಗಳಲ್ಲಿ ಅದು ಕಾಗದದಲ್ಲೇ ಆಗಿಹೋಗುತ್ತಿತ್ತು. ಈ ಸಲ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸಮ್ಮ ತಾನೇ ಚೀಲ ಹೊತ್ತು ಬಂದಳು. ಸಾಮಾನು ಕೋಣೆಯಲ್ಲಿ ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತು, ಒಬ್ಬೊಬ್ಬರದೇ ಬೆರಳು ಚುಚ್ಚಿ, ಪುಟ್ಟ ಯಂತ್ರದಲ್ಲಿ ಬಂದ ಅಂಕಿಯನ್ನು ಗಟ್ಟಿಯಾಗಿ ಓದಿ ಕಾರ್ಖಾನೆಯ ರಿಜಿಸ್ಟರಿನಲ್ಲಿ ಬರೆದಳು.

"ಒಂಬತ್ತು. ಎಂಟೂವರೆ. ಎಂಟು."

ತಂಗಿಯ ಸರದಿ ಬಂದಾಗ ಎರಡು ಸಲ ಚುಚ್ಚಿದಳು. ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು.

"ಆರು. ಹನ್ನೆರಡಿರಬೇಕು ಮಗಳೇ. ಅರ್ಧ ರಕ್ತದಲ್ಲಿ ಓಡಾಡ್ತಿದೀಯ. ಮಣ್ಣು, ಸುಣ್ಣ ಏನಾದ್ರೂ ತಿನ್ನಬೇಕು ಅನಿಸುತ್ತಾ?"

ತಂಗಿ ತಲೆ ತಗ್ಗಿಸಿದಳು. ಅಕ್ಕ ಮುಂದೆ ಬಂದಳು. "ಅದು ಚಟ ಅಂದ್ಕೊಂಡಿದ್ದೆ" ಎಂದಳು.

"ಚಟ ಅಲ್ಲ ಕಣಮ್ಮ, ಕಾಯಿಲೆ. ಮೈಯಲ್ಲಿ ಕಬ್ಬಿಣದಂಶ ತಳ ಕಂಡಿದೆ."

ಸದಾ ಗೊಣಗುವುದರಿಂದ ಗೊಣಗಮ್ಮನೆಂದೇ ಹೆಸರಾದ ಮುದುಕಿ ಬಾಗಿಲಲ್ಲಿ ನಿಂತಿದ್ದಳು. "ದಿನಾ ಕಬ್ಬಿಣದಲ್ಲೇ ಹೊರಳಾಡ್ತೀವಿ. ತಲೆಗೂದಲಲ್ಲೂ ಕಬ್ಬಿಣದ ಪುಡಿ. ಮೈಯೊಳಗೆ ಮಾತ್ರ ಇಲ್ಲ ಅಂದ್ರೆ ಯಾರು ಕದ್ದರು ನರ್ಸಮ್ಮ?"

ಹೆಂಗಸರೆಲ್ಲ ನಕ್ಕರು. ನರ್ಸಮ್ಮ ನಗಲಿಲ್ಲ.

"ಒಂದಿಷ್ಟು ಈ ಚಹಾ ಕದೀತು. ಊಟದ ಜೊತೆ ಕುಡಿದ್ರೆ ತಿಂದ ಸೊಪ್ಪು, ಕಾಳಲ್ಲಿರೋ ಕಬ್ಬಿಣ ಮೈಗೆ ಹತ್ತೋದಿಲ್ಲ. ಚಹಾ ಊಟಕ್ಕೆ ಒಂದು ಗಂಟೆ ಹಿಂದೋ ಮುಂದೋ ಇರಲಿ. ಊಟಕ್ಕೆ ನಿಂಬೆಹುಳಿ ಹಿಂಡ್ಕೊಳ್ಳಿ. ಮಾತ್ರೆ ಕೊಟ್ಟು ಹೋಗ್ತೀನಿ, ನಿಂಬೆ ನೀರಲ್ಲಿ ನುಂಗಿ. ಮಲ ಕಪ್ಪಗೆ ಬರುತ್ತೆ, ಹೆದರ್ಕೋಬೇಡಿ."

"ಇನ್ನೊಂದಿಷ್ಟು?" ಗೊಣಗಮ್ಮ ಬಿಡಲಿಲ್ಲ.

ನರ್ಸಮ್ಮ ಯಂತ್ರಗಳ ಕಡೆ ನೋಡಿದಳು. ಹೊರಡುವಾಗ ಮ್ಯಾನೇಜರನ ಮುಂದೆ ನಿಂತು, "ಆರು ಬಂದಿರೋ ಹುಡುಗೀನ ಇವತ್ತೇ ಆಸ್ಪತ್ರೆಗೆ ಕಳಿಸಿ. ಯಂತ್ರದ ಹತ್ತಿರ ನಿಲ್ಲಿಸಬೇಡಿ" ಎಂದಳು. ಮ್ಯಾನೇಜರ್ ಎದ್ದು ನಿಂತು, "ಆಗಲಿ ಮೇಡಂ, ನಮ್ಮ ಮನೆ ಮಕ್ಕಳಿದ್ದ ಹಾಗೆ ಅವರು" ಎಂದ.

ಸಂಜೆ ತೂಕದ ಚೀಟಿ ಕೊಡಲು ಕಚೇರಿಗೆ ಹೋದ ತಕ್ಕಡಿಯಕ್ಕ ಬಾಗಿಲಲ್ಲೇ ನಿಂತಳು. ಮ್ಯಾನೇಜರ್ ನರ್ಸಮ್ಮ ಬರೆದದ್ದನ್ನು ಬದಿಗಿಟ್ಟು ಹೊಸ ರಿಜಿಸ್ಟರಿನಲ್ಲಿ ರಕ್ತದ ಅಂಕಿಗಳನ್ನು ಬರೆಯುತ್ತಿದ್ದ. ತಂಗಿಯ ಮುಂದೆ ಹನ್ನೆರಡು. ಗೊಣಗಮ್ಮನ ಮುಂದೆ ಹನ್ನೊಂದೂವರೆ.

"ಅವಳದು ಆರು ಸಾರ್."

"ನಿನಗೆ ಓದೋಕೆ ಬರುತ್ತಾ?"

"ತಕ್ಕಡಿ ಮುಂದೆ ನಿಂತೋಳು ಸಾರ್. ಅಂಕಿ ಬರುತ್ತೆ."

ಅವನು ರಿಜಿಸ್ಟರ್ ಮುಚ್ಚಿದ. "ಆರು ಅಂತ ಬರೆದ್ರೆ ನಾಳೆ ಅವಳು ಕೂಲಿ ಇಲ್ದೆ ಮನೇಲಿರ್ತಾಳೆ. ಆಗಬಹುದಾ? ಎಂಟು ಒಂಬತ್ತಿನೋರನ್ನೂ ಕಳಿಸಬೇಕಾಗುತ್ತೆ. ಆಮೇಲೆ ಮೊಳೆ ಯಾರು, ನಿಮ್ಮಪ್ಪ ಮಾಡ್ತಾನಾ?" ನರ್ಸಮ್ಮ ಕೊಟ್ಟುಹೋದ ಮಾತ್ರೆಯ ಡಬ್ಬಗಳು ಅವನ ಹಿಂದಿನ ಬೀರುವಿನಲ್ಲಿದ್ದವು. "ಇದನ್ನ ನುಂಗಿದ್ರೆ ಹೊಟ್ಟೆ ತೊಳಸಿ ಎಲ್ಲರೂ ಪಾಯಿಖಾನೆ ಮುಂದೆ ಸಾಲು ನಿಲ್ತೀರಿ" ಎಂದು ಬೀಗ ಹಾಕಿದ.

ಆಸ್ಪತ್ರೆಯ ಬಾಗಿಲು ತೆರೆದಿರುವ ಹೊತ್ತಿನಲ್ಲಿ ಕಾರ್ಖಾನೆಯ ಗೇಟು ಇವರನ್ನು ಒಳಗಿಟ್ಟು ಮುಚ್ಚಿರುತ್ತಿತ್ತು. ವಾರದ ರಜೆಗೆ ಇನ್ನೂ ಐದು ದಿನ. ಅಷ್ಟರವರೆಗೆ ತಮ್ಮ ಕೈಲಾದದ್ದನ್ನು ಮಾಡೋಣವೆಂದು ಅಕ್ಕ ತಂಗಿ ಶುರುಮಾಡಿದರು. ಬುತ್ತಿಯಲ್ಲಿ ಸೊಪ್ಪು, ಕಾಳು, ಅರ್ಧ ನಿಂಬೆಹಣ್ಣು. ಚಹಾದ ಲೋಟ ಹಿಡಿದು, ಕುಡಿದಂತೆ ಮಾಡಿ, ಮೊಳೆ ಉಜ್ಜುವ ಪೀಪಾಯಿಯ ಹಿಂದಿನ ಮರದ ಹೊಟ್ಟಿನಲ್ಲಿ ಸುರಿಯುತ್ತಿದ್ದರು. ಎರಡನೇ ದಿನಕ್ಕೆ ಇನ್ನೂ ಏಳೆಂಟು ಜನ ಅಲ್ಲೇ ಸುರಿದರು.

ನಾಲ್ಕನೇ ದಿನ ಮೇಸ್ತ್ರಿ ಕಂಡುಹಿಡಿದ. ತಂಗಿಯ ಕೈಯಲ್ಲಿ ಲೋಟ ಇನ್ನೂ ಬಾಗಿಯೇ ಇತ್ತು.

"ಕಂಪನಿ ಕೊಟ್ಟಿದ್ದು ಚೆಲ್ತೀಯಾ?"

ಅವಳ ಜುಟ್ಟು ಹಿಡಿದು ಡಬರಿಯ ಹತ್ತಿರ ಎಳೆದೊಯ್ದ. ದವಡೆ ಅದುಮಿ ಬಾಯಿ ತೆರೆಸಿ ಬಿಸಿ ಚಹಾ ಹುಯ್ದ. ಕೆಮ್ಮಿದಾಗ ಅರ್ಧ ಚಹಾ ಅವನ ಅಂಗಿಯ ಮೇಲೆ ಬಿತ್ತು. ಆಗ ಬೆಲ್ಟು ತೆಗೆದ. ಅಡ್ಡ ಬಂದ ಅಕ್ಕನ ಕಿವಿಯ ಮೇಲೂ ಬಿತ್ತು. ಕಿವಿಯಿಂದ ರಕ್ತ ಇಳಿಯಿತು. ಉಳಿದವರು ಬುತ್ತಿ ಹಿಡಿದುಕೊಂಡು ಕೂತೇ ಇದ್ದರು.

"ಯಂತ್ರಕ್ಕೆ ನಡಿ" ಎಂದ ಮೇಸ್ತ್ರಿ.

ಮೊಳೆಯ ತಲೆ ಚಪ್ಪಟೆ ಮಾಡುವ ಸುತ್ತಿಗೆ ಯಂತ್ರದೊಳಗೆ ನಿಮಿಷಕ್ಕೆ ಇನ್ನೂರು ಸಲ ಬಡಿಯುತ್ತದೆ. ಅದರ ಮುಂದೆ ಜಾಲರಿ ಇರಬೇಕು. ತಂತಿ ಸಿಕ್ಕಿಕೊಂಡಾಗ ಜಾಲರಿ ಬಿಚ್ಚಿ ತೆಗೆಯಲು ಹೊತ್ತು ಹಿಡಿಯುತ್ತದೆಂದು ಅದನ್ನು ಎಂದೋ ಕಳಚಿ ಮೂಲೆಗೆ ಎಸೆದಿದ್ದರು. ಮೂರು ಗಂಟೆಯ ಹೊತ್ತಿಗೆ ತಂತಿ ಸಿಕ್ಕಿಕೊಂಡಿತು. ತಂಗಿ ಬಾಗಿದಳು. ಬಾಗಿದವಳು ಹಾಗೇ ಮುಂದಕ್ಕೆ ಜೋತಳು, ನಿದ್ದೆ ಹೋದವಳಂತೆ. ಬಲಗೈ ಒಳಗೆ ಹೋಯಿತು.

ಕಿರುಚಿದ್ದು ಅವಳಲ್ಲ, ಪಕ್ಕದವಳು. ತಕ್ಕಡಿಯಕ್ಕ ಓಡಿಬಂದು ಯಂತ್ರ ನಿಲ್ಲಿಸುವ ಗುಂಡಿ ಒತ್ತುವಷ್ಟರಲ್ಲಿ ಸುತ್ತಿಗೆ ಎಷ್ಟು ಸಲ ಬಡಿದಿತ್ತೋ. ಕೈ ಎಂದು ಕರೆಯುವಂಥದ್ದು ಮಣಿಕಟ್ಟಿನಿಂದ ಮುಂದೆ ಇರಲಿಲ್ಲ. ಯಂತ್ರದಡಿಯ ತಟ್ಟೆಯ ತುಂಬ ಮೊಳೆ, ಮೊಳೆಯ ಮೇಲೆ ರಕ್ತ. ತೆಳ್ಳಗೆ, ನೀರು ಬೆರೆಸಿದಂತಿತ್ತು ಆ ರಕ್ತ. ಮೇಸ್ತ್ರಿ ಬಂದು ಮೊದಲು ಯಂತ್ರದ ಬಾಯಿ ಇಣುಕಿ ನೋಡಿದ. ಆಮೇಲೆ ಹುಡುಗಿಯನ್ನು ನೋಡಿದ.

ಆಸ್ಪತ್ರೆಯಲ್ಲಿ ಡಾಕ್ಟರು, "ಬೇಗ ರಕ್ತ ಬೇಕು, ಯಾರು ಕೊಡ್ತೀರಿ?" ಎಂದರು. ಹಿಂದೆಯೇ ಗೇಟು ಹಾರಿ ಬಂದಿದ್ದ ಹದಿನಾರು ಹೆಂಗಸರು ಎಣ್ಣೆ ಮೆತ್ತಿದ ತೋಳು ಮೇಲೇರಿಸಿ ಸಾಲಾಗಿ ನಿಂತರು. ಒಬ್ಬೊಬ್ಬರ ಬೆರಳೂ ಚುಚ್ಚಿದರು. ಎಂಟು, ಒಂಬತ್ತು, ಏಳೂವರೆ. ಡಾಕ್ಟರು ಒಬ್ಬೊಬ್ಬರನ್ನೇ ಪಕ್ಕಕ್ಕೆ ನಿಲ್ಲಿಸುತ್ತ ಹೋದರು. ಹದಿನಾರನೆಯವಳೂ ಪಕ್ಕಕ್ಕೆ ಹೋದಮೇಲೆ, "ಎಲ್ಲಿಂದ ಬಂದ್ರಮ್ಮ ನೀವೆಲ್ಲ? ನಿಮಗೇ ಬೇರೆಯೋರು ಕೊಡಬೇಕು" ಎಂದರು. ಗೊಣಗಮ್ಮ ಗೋಡೆಗೆ ಹಣೆ ಹಚ್ಚಿ ನಿಂತಳು. ಕೊನೆಗೆ ರಕ್ತ ಕೊಟ್ಟವಳು ನರ್ಸಮ್ಮ. ಹುಡುಗಿಯ ಜೀವ ಉಳಿಯಿತು.

ಕೈಚೀಲದಲ್ಲಿ ರಿಜಿಸ್ಟರ್ ಇಟ್ಟುಕೊಂಡು ಮ್ಯಾನೇಜರೂ ಬಂದಿದ್ದ. "ನೋಡಿ ಡಾಕ್ಟರೇ, ಹನ್ನೆರಡು. ಗಟ್ಟಿಮುಟ್ಟಾಗಿದ್ದ ಹುಡುಗಿ. ಎಲ್ಲೋ ನೋಡ್ತಾ ಕೈ ಇಟ್ಟಿದಾಳೆ."

ಮರುದಿನ ಬೆಳಿಗ್ಗೆ ತಕ್ಕಡಿಯಕ್ಕ ತಕ್ಕಡಿಯ ಹತ್ತಿರ ಹೋಗಲಿಲ್ಲ. ನೆಟ್ಟಗೆ ಕಚೇರಿಯ ಮುಂದೆ ನಿಂತಳು. "ರಿಜಿಸ್ಟರ್ ಕೊಡಿ."

ಮೇಸ್ತ್ರಿ ಬೆಲ್ಟು ಬೀಸಿದ. ಅವಳು ಅದರ ತುದಿ ಹಿಡಿದಳು. ಅಂಗೈ ಸುಲಿಯಿತು. ಬಿಡಲಿಲ್ಲ. ಅವನು ಎಡಗೈಯಿಂದ ಮುಖಕ್ಕೆ ಗುದ್ದಿದ. ಹಲ್ಲೊಂದು ಕಿತ್ತು ಬಂತು, ಉಗಿದಳು. ಅಷ್ಟು ಹೊತ್ತಿಗೆ ಗೊಣಗಮ್ಮ ತಕ್ಕಡಿಯ ಐದು ಕಿಲೋ ತೂಕದ ಕಲ್ಲು ಎತ್ತಿ ತಂದಿದ್ದಳು. ಅದು ಅವನ ಮೊಣಕೈ ಮೇಲೆ ಬಿದ್ದ ಸದ್ದು ಯಂತ್ರಗಳ ನಡುವೆಯೂ ಕೇಳಿಸಿತು. ಆಮೇಲೆ ಎಲ್ಲರೂ ಅವನ ಮೇಲೆ ಬಿದ್ದರು. ಎಂದೂ ಎದುರು ಮಾತಾಡದವರು ಕೈಗೆ ಸಿಕ್ಕಿದ್ದರಲ್ಲಿ ಹೊಡೆದರು. ಅವನು ನೆಲದ ಮೊಳೆಗಳ ಮೇಲೆ ಹೊರಳಿದ. "ಅಕ್ಕಾ, ಬಿಡಿಸಿ" ಎಂದು ಕೂಗಿದ. ತಕ್ಕಡಿಯಕ್ಕನಿಗೆ ಕೇಳಿಸಿತು. ಬಿಡಿಸಬೇಕು ಎಂದೂ ಅನ್ನಿಸಿತು. ಆದರೂ ಸ್ವಲ್ಪ ಹೊತ್ತು ನಿಂತೇ ಇದ್ದಳು. ನಂತರ, "ಸಾಕು, ಸಾಯಿಸಬೇಡಿ" ಎಂದಳು. ಮ್ಯಾನೇಜರ್ ಹಿಂಬಾಗಿಲಿನಿಂದ ರಿಜಿಸ್ಟರ್ ಸಮೇತ ಓಡಿದ್ದ.

ಹೆಂಗಸರು ಯಂತ್ರಗಳನ್ನು ಆರಿಸಿ, ಹೊರಗೆ ಬಂದು ಗೇಟಿನ ಮುಂದೆ ರಸ್ತೆಯಲ್ಲಿ ಕೂತರು. ಸುದ್ದಿ ಕೇಳಿ ನರ್ಸಮ್ಮ ಚೀಲದ ಸಮೇತ ಬಂದಳು. ಆಸ್ಪತ್ರೆಯ ಮೇಲಿನವರು ಹೋಗಬೇಡ ಎಂದಿದ್ದರಂತೆ. ರಜೆ ಚೀಟಿ ಬರೆದಿಟ್ಟು ಬಂದಿದ್ದಳು.

"ಮತ್ತೊಮ್ಮೆ ಚುಚ್ತೀನಿ. ಈ ಸಲ ಊರೆಲ್ಲ ನೋಡಲಿ" ಎಂದು ನೆಲದ ಮೇಲೆಯೇ ಕೂತಳು. ಕಾರ್ಖಾನೆಯ ಉದ್ದನೆಯ ಬಿಳಿ ಗೋಡೆಯ ಮೇಲೆ ತಕ್ಕಡಿಯಕ್ಕ ಇದ್ದಿಲಿನಿಂದ ಒಂದೊಂದೇ ಅಂಕಿ ಬರೆಯತೊಡಗಿದಳು. ಮೊದಲು ತಂಗಿಯ ಆರು. ಆಮೇಲೆ ತನ್ನ ಎಂಟು.

ಹನ್ನೊಂದನೇ ಅಂಕಿ ಬರೆಯುವಾಗ ಪೊಲೀಸರ ಎರಡು ವ್ಯಾನು ಬಂದವು. ಅಧಿಕಾರಿ ಎರಡು ನಿಮಿಷದ ಗಡುವು ಕೊಟ್ಟ. ಯಾರೂ ಏಳಲಿಲ್ಲ. ಲಾಠಿ ಮೊದಲು ಹೊರಸಾಲಿನವರ ಮೇಲೆ ಬಿತ್ತು. ಗೊಣಗಮ್ಮನ ತಲೆ ಒಡೆಯಿತು. ಪಕ್ಕದವಳು ಸೆರಗು ಹರಿದು ಅವಳ ತಲೆಗೆ ಕಟ್ಟಿ, ಮತ್ತೆ ಅಲ್ಲೇ ಕೂತಳು. ಪೇದೆಯೊಬ್ಬ ತಕ್ಕಡಿಯಕ್ಕನನ್ನು ಗೋಡೆಗೆ ಅದುಮಿ ಕೈ ತಿರುಚಿದ. ಇದ್ದಿಲು ಬಿತ್ತು. ಅದನ್ನು ಇನ್ನೊಬ್ಬಳು ಎತ್ತಿಕೊಂಡಳು.

ನರ್ಸಮ್ಮ ತಲೆಯೆತ್ತಿ ಪೊಲೀಸರನ್ನು ನೋಡಿದಳು. ಹೊಸ ಸೂಜಿ ಬಿಚ್ಚಿದಳು.

"ಮುಂದಿನೋರು ಬನ್ನಿ" ಎಂದಳು.