ಕಾಣೆಯಾದ ನಾಲ್ಕು ಅಡಿ

ಮನೆ ಚಿಕ್ಕದಾಯಿತು, ಮೇಲೊಂದು ರೂಮು ಬೇಕು. ಈ ಮಾತು ಯಾರ ಮನೆಯಲ್ಲಿಲ್ಲ ಹೇಳಿ? ಟೈಲರ್ ಮನೆಯಲ್ಲೂ ಇತ್ತು. ಮೇಸ್ತ್ರಿ ಬಂದು ಕಣ್ಣಳತೆಯಲ್ಲೇ ಎಲ್ಲ ನೋಡಿದ. ಟೈಲರ್‌ನ ತಾಯಿ ಮಲಗುವ ಮಂಚದ ಪಕ್ಕ, ಗೋಡೆಯ ಬುಡದಲ್ಲಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಮೇಲಿನ ರೂಮಿನ ಕಂಬ ಇಲ್ಲಿ, ಸೋಮವಾರ ಅಗೆತ ಶುರು ಎಂದು ಹೇಳಿ ಹೋದ.

"ಅಲ್ಲಿ ಅಗೀಬೇಡ ಕಣೋ," ಎಂದಳು ತಾಯಿ. "ಆ ಗೋಡೆ ಒಳಗೆ ಯಾರೋ ಉಸಿರಾಡ್ತಾರೆ."

"ನಿಂಗೆ ವಯಸ್ಸಾಯ್ತಮ್ಮ," ಎಂದು ಟೈಲರ್ ನಕ್ಕ.

ಅವನ ಹೆಂಡತಿ ನಗಲಿಲ್ಲ. ಮಧ್ಯಾಹ್ನ ಬೀದಿಯ ಸದ್ದಡಗಿದಾಗ ಅವಳೂ ಆ ಗೋಡೆಯ ಬಿರುಕಿಗೆ ಕಿವಿಯಿಟ್ಟಿದ್ದಳು. ಒಳಗೆ ಏನೋ ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತಿತ್ತು. ಎಳೆದುಕೊಳ್ಳುತ್ತಲೇ ಇತ್ತು. ಎಷ್ಟು ಹೊತ್ತಾದರೂ ಬಿಡಲಿಲ್ಲ.

"ರೀ, ನನ್ನ ತಂಗಿ ಗೆಳತಿ ಆರ್ಕಿಟೆಕ್ಟ್ ಇದ್ದಾಳಲ್ಲ, ಕರೆಸೋಣ."

"ಅವರೆಲ್ಲ ಬಂಗಲೆ ಕಟ್ಟೋರಿಗೆ ಕಣೇ. ಒಂದು ರೂಮಿಗೆ ಯಾಕೆ?"

"ಒಂದು ಬ್ಲೌಸಿಗೆ ಹತ್ತು ಸಲ ಟೇಪ್ ಹಿಡೀತೀರ, ಮನೆಗೆ ಒಂದು ಸಲನೂ ಬೇಡ್ವಾ? ಹಳೇ ಬಟ್ಟೆ ಸಡಿಲ ಮಾಡೋದೇ ಕಷ್ಟ, ಒಳಗೆ ಹೊಲಿಗೆ ಹೇಗಿದೆಯೋ ಗೊತ್ತಿರಲ್ಲ ಅಂತ ನೀವೇ ಅಲ್ವಾ ಹೇಳೋದು?"

ಟೈಲರ್ ಫೋನ್ ತೆಗೆದು ಅವಳ ಕೈಗೆ ಕೊಟ್ಟ.

ಶನಿವಾರ ಆರ್ಕಿಟೆಕ್ಟ್ ಬಂದಳು. ಮನೆಯನ್ನು ಹೊರಗಿನಿಂದ ಅಳೆದಳು. ಒಳಗೆ ಒಂದೊಂದೇ ರೂಮು, ಗೋಡೆಯ ದಪ್ಪ ಎಲ್ಲ ಅಳೆದು ಬರೆದುಕೊಂಡಳು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಅಳೆದಳು.

"ಭಾವ, ಹೊರಗಡೆ ಮೂವತ್ತೆರಡು ಅಡಿ. ಒಳಗಡೆ ಎಲ್ಲಾ ಸೇರಿಸಿದ್ರೂ ಇಪ್ಪತ್ತೆಂಟೇ. ಇನ್ನು ನಾಲ್ಕು ಅಡಿ ಎಲ್ಲಿ?"

ಟೈಲರ್ ಅಂಗಡಿಯಿಂದ ತನ್ನದೇ ಟೇಪ್ ತಂದು ಅಳೆದ. ನಾಲ್ಕು ಅಡಿ ಇಲ್ಲವೇ ಇಲ್ಲ. ಕೊಂಡು ಹನ್ನೊಂದು ವರ್ಷ ಬಾಳಿದ ಮನೆಯಲ್ಲಿ ತಾನು ಕಾಲಿಡದ ಜಾಗವೊಂದಿದೆ ಎಂದು ತಿಳಿದು ಅವನಿಗೆ ನಿಜಕ್ಕೂ ಭಯವಾಯಿತು.

ತಾಯಿಯ ಮಂಚ ಸರಿಸಿ, ಉಸಿರು ಕೇಳುತ್ತಿದ್ದ ಆ ಗೋಡೆಯಿಂದ ಹುಷಾರಾಗಿ ಒಂದು ಇಟ್ಟಿಗೆ ತೆಗೆದರು. ತಣ್ಣನೆಯ ಗಾಳಿ ಮುಖಕ್ಕೆ ಬಂತು. ಟಾರ್ಚ್ ಬಿಟ್ಟರೆ, ಒಳಗೆ ನೆಲವೇ ಇರಲಿಲ್ಲ. ಕೊಳೆತ ಹಲಗೆಗಳು, ಅವುಗಳ ಸಂದಿಯಲ್ಲಿ ಕಪ್ಪು. ಆರ್ಕಿಟೆಕ್ಟ್ ಒಂದು ಕಲ್ಲು ಹಾಕಿದಳು. ಒಂದೆರಡು ಕ್ಷಣದ ಮೇಲೆ, ಎಲ್ಲೋ ಆಳದಲ್ಲಿ, ನೀರಿನ ಸದ್ದು ಕೇಳಿಸಿತು.

"ಹಳೇ ಬಾವಿ," ಎಂದಳು ಅವಳು. "ಹಿಂದಿನವರು ಹಲಗೆ ಮುಚ್ಚಿ ಗೋಡೆ ಎಬ್ಬಿಸಿಬಿಟ್ಟಿದ್ದಾರೆ. ಹವೆ ಬದಲಾದ ಹಾಗೆ ಬಾವಿ ಗಾಳಿ ಎಳ್ಕೊಳ್ಳುತ್ತೆ, ಬಿಡುತ್ತೆ. ಅಜ್ಜಿಗೆ ಕೇಳಿಸಿದ್ದು ಅದೇ. ಈ ಗುರುತಲ್ಲಿ ಗುಂಡಿ ತೋಡಿದ್ದಿದ್ರೆ ಬಾವಿ ಅಂಚು ಕುಸೀತಿತ್ತು. ಗೋಡೆ, ಮಂಚ, ಅಜ್ಜಿ..."

ಟೈಲರ್ ಬಗ್ಗಿ, ಸೀಮೆಸುಣ್ಣದ ಗುರುತನ್ನು ಅಂಗೈಯಲ್ಲೇ ಉಜ್ಜಿ ಅಳಿಸಿದ. "ನೀನು ಹೇಳಿದ ಹಾಗೇ ಆಗ್ಲಮ್ಮ," ಎಂದ ತಾಯಿಗೆ.

ಆರ್ಕಿಟೆಕ್ಟ್ ನಕ್ಷೆ ಬರೆದಳು, ಇಂಜಿನಿಯರನ್ನು ಕರೆತಂದು ಬಾವಿಯನ್ನು ಭದ್ರ ಮಾಡಿಸಿದಳು. ಮೇಲಿನ ರೂಮು ಮನೆಯ ಇನ್ನೊಂದು ಬದಿಯಲ್ಲಿ ಎದ್ದಿತು, ಕಟ್ಟಿದ್ದು ಅದೇ ಮೇಸ್ತ್ರಿ. ತಾಯಿ ಈಗಲೂ ಒಂದೊಂದು ಮಧ್ಯಾಹ್ನ ಆ ಗೋಡೆಗೆ ಕಿವಿಯಿಡುತ್ತಾಳೆ. ಟೈಲರ್ ನಗುವುದಿಲ್ಲ, ಪಕ್ಕದಲ್ಲಿ ಕೂತು ತಾನೂ ಕಿವಿಯಿಡುತ್ತಾನೆ.

ನೀವೂ ಮನೆ ಒಡೆದು ಕಟ್ಟುವ, ಮೇಲೆ ಏರಿಸುವ ಯೋಚನೆಯಲ್ಲಿದ್ದೀರಾ? ಗುದ್ದಲಿ ಎತ್ತುವ ಮೊದಲು ಆರ್ಕಿಟೆಕ್ಟನ್ನು ಕರೆಸಿ, ಅಳತೆ ಮಾಡಿಸಿ, ನಕ್ಷೆ ಬರೆಸಿ. ಚಿಕ್ಕ ಕೆಲಸ ತಾನೇ ಎನ್ನಬೇಡಿ. ನಿಮ್ಮ ಮನೆಯಲ್ಲಿ ಎಷ್ಟು ಅಡಿ ಕಾಣೆಯಾಗಿದೆಯೋ, ನಿಮಗೇನು ಗೊತ್ತು?