ಇರ್ಲಿ ಅಂದ್ರ ಒಳಗಲ್ಲ

ನನಗೆ ಕೊಟ್ಟ ಅಂಕ ಮೂರು. ಪರೀಕ್ಷೆಯಲ್ಲಲ್ಲ, ಟೆನಿಸ್ಸಿನಲ್ಲಿ. ನಮ್ಮ ಕ್ಲಬ್ಬಿನಲ್ಲಿ ಆಡುವವರಿಗೆಲ್ಲ ಒಂದೊಂದು ರೇಟಿಂಗ್ ಇದೆ. ಆಗಷ್ಟೇ ರ‍್ಯಾಕೆಟ್ ಹಿಡಿದವರಿಗೆ ಎರಡು, ಚೆಂಡು ನೆಟ್ ದಾಟಿಸಿದವರಿಗೆ ಎರಡೂವರೆ, ಹೀಗೆ ಅರ್ಧರ್ಧ ಏರುತ್ತ ನಾಲ್ಕೂವರೆಯವರೆಗೆ. ಅದಕ್ಕೂ ಮೇಲಿನವರು ನಮ್ಮಲ್ಲಿ ಇಲ್ಲ. ಅಷ್ಟು ಚೆನ್ನಾಗಿ ಆಡುವವರು ನಮ್ಮ ಕ್ಲಬ್ಬಿಗೆ ಯಾಕಾದರೂ ಬಂದಾರು? ನನ್ನ ಜೊತೆ ಶುರು ಮಾಡಿದವರೆಲ್ಲ ಮೂರೂವರೆ ದಾಟಿದರು. ನಾನು ಮಾತ್ರ ನಾಲ್ಕು ವರ್ಷದಿಂದ ಮೂರಕ್ಕೇ ಅಂಟಿಕೊಂಡಿದ್ದೆ.

ಮೂರೋ ಮೂವತ್ತೋ, ನನಗೇನು ಎಂದುಕೊಂಡು ಆಡುತ್ತಿದ್ದೆ. ಹೋದ ತಿಂಗಳು ಗೇಟಿನ ಹತ್ತಿರ ಒಂದು ಹೊಸ ನಿಯಮ ಅಂಟಿಸಿದರು. ಬೆಳಿಗ್ಗೆ ಆರರಿಂದ ಎಂಟರವರೆಗೆ ಮೂರೂವರೆ ಮತ್ತು ಮೇಲಿನವರಿಗೆ ಮಾತ್ರ ಕೋರ್ಟು. ಉಳಿದವರು ಹತ್ತು ಗಂಟೆಯ ಮೇಲೆ ಬರಬಹುದಂತೆ. ಹತ್ತು ಗಂಟೆಗೆ ನಾನು ಫೋರ್ಟ್ ಬಡಾವಣೆಯ ಇನ್ಶೂರೆನ್ಸ್ ಆಫೀಸಿನಲ್ಲಿ ಯಾರದೋ ಕ್ಲೇಮಿಗೆ ಸಹಿ ಹಾಕುತ್ತಿರುತ್ತೇನೆ. ಸಂಜೆ ಲೋಕಲ್ ರೈಲಿನಲ್ಲಿ ಜಜ್ಜಿಸಿಕೊಂಡು ಮನೆ ಸೇರಿದರೆ ಅಡಿಗೆಮನೆ ಕಾಯುತ್ತಿರುತ್ತದೆ. ಇಡೀ ದಿನದಲ್ಲಿ ನನ್ನದು ಅಂತ ಇದ್ದದ್ದು ಬೆಳಗಿನ ಆ ಒಂದು ಗಂಟೆ. "ಟೆನಿಸ್ ಬಿಟ್ಟರ ಏನಾಗ್ತದ?" ಎಂದು ನಮ್ಮನೆಯವರು ಕೇಳಿದರು. "ಏನೂ ಆಗಂಗಿಲ್ಲ. ನನಗ ಹುಚ್ಚು ಹಿಡೀತದ, ಅಷ್ಟ," ಎಂದೆ. ಅವರು ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

ರೇಟಿಂಗ್ ಕಮಿಟಿಯ ಸೆಕ್ರೆಟರಿ ಅನಿಕೇತ್ ಎಂಬ ಹುಡುಗ. ಹುಡುಗನೇನಲ್ಲ, ಮೂವತ್ತು ದಾಟಿದೆ. ಆದರೆ ತಂಪು ಕನ್ನಡಕವನ್ನು ಕಣ್ಣಿಗಿಂತ ಟೋಪಿಯ ಮೇಲೇ ಹೆಚ್ಚು ಹಾಕಿಕೊಳ್ಳುವವನನ್ನು ನಾನು ಇನ್ನೇನೆಂದು ಕರೆಯಲಿ? ಅವನ ಹತ್ತಿರ ಹೋಗಿ, ನನಗೆ ಮೂರೇ ಯಾಕೆ ಎಂದು ಕೇಳಿದೆ.

"ನಿಮ್ಮ ಸ್ಲೈಸ್ ಮಸ್ತ್ ಇದೆ, ಶೈಲಾಜೀ. ಓಡಾಟನೂ ಓಕೆ," ಎಂದ ಹಿಂದಿಯಲ್ಲಿ. "ಆದರೆ ಜಡ್ಜ್‌ಮೆಂಟ್ ಇಲ್ಲ. ಯಾವ ಬಾಲ್ ಒಳಗೆ ಬಿತ್ತು, ಯಾವುದು ಹೊರಗೆ ಬಿತ್ತು ಅಂತ ನಿಮಗೆ ತಿಳಿಯೋದೇ ಇಲ್ಲ. ಕಮಿಟಿಯ ಮೂರೂ ಜನ ನೋಡಿದ್ದೇವೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬೈದಿದ್ದರೆ ಸಹಿಸುತ್ತಿದ್ದೆ. ಸರ್ವ್ ಸಪ್ಪೆ ಎಂದಿದ್ದರೆ ಒಪ್ಪಿಕೊಳ್ಳುತ್ತಿದ್ದೆ, ಅದು ಸಪ್ಪೆಯೇ. ಆದರೆ ನನಗೆ ಚೆಂಡು ಕಾಣುವುದಿಲ್ಲವೇ? ಧಾರವಾಡದ ಕಾಲೇಜಿನಲ್ಲಿ ಬಾಲ್ ಬ್ಯಾಡ್ಮಿಂಟನ್ ಆಡುತ್ತಿದ್ದಾಗ ಜಗಳ ಬಂದರೆ ಎರಡೂ ಕಡೆಯವರು ನನ್ನನ್ನೇ ಕೇಳುತ್ತಿದ್ದರು. ನನ್ನ ಕಣ್ಣಿಗೆ ಇವನು ಮೂರು ಕೊಡುತ್ತಾನೆ!

"ಹಾಗಿದ್ದರೆ ಚಾಲೆಂಜ್ ಮ್ಯಾಚ್ ಇಡಿ," ಎಂದೆ. ಅದು ಕ್ಲಬ್ಬಿನ ಹಳೆಯ ನಿಯಮ. ತನಗಿಂತ ಒಂದು ಅಂಕ ಮೇಲಿರುವವರನ್ನು ಒಂದು ಸೆಟ್ಟಿನಲ್ಲಿ, ಎಂದರೆ ಮೊದಲು ಆರು ಗೇಮು ಗೆದ್ದು, ಸೋಲಿಸಿದರೆ ಅರ್ಧ ಅಂಕ ಏರಿಸಲೇಬೇಕು.

"ಯಾರ ಮೇಲೆ?"

"ಮಾಧುರಿ."

ಅವನು ಟೋಪಿಯ ಮೇಲಿದ್ದ ಕನ್ನಡಕ ತೆಗೆದು ನನ್ನನ್ನು ನೋಡಿದ. ಮಾಧುರಿ ನಾಲ್ಕರವಳು, ನಮ್ಮ ಮಹಿಳಾ ತಂಡದ ಕ್ಯಾಪ್ಟನ್. ಸಣ್ಣವಳಿದ್ದಾಗಿನಿಂದ ಕೋಚ್ ಇಟ್ಟುಕೊಂಡು ಕಲಿತ ಆಟ. ಅವಳ ಫೋರ್‌ಹ್ಯಾಂಡ್ ಹೊರಟರೆ ಬೆಂಚಿನ ಮೇಲಿದ್ದವರು ಚಹಾದ ಗ್ಲಾಸು ಕೆಳಗಿಟ್ಟು ನೋಡುತ್ತಾರೆ.

ಮ್ಯಾಚು ಭಾನುವಾರ ಬೆಳಿಗ್ಗೆ. ಹೊರಡುವಾಗ ನಮ್ಮ ಅತ್ತೆ ರುದ್ರವ್ವನೂ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ವಿಜಯಪುರದಿಂದ ಬಂದು ಆಂಟಾಪ್ ಹಿಲ್‌ನ ನಮ್ಮ ಕ್ವಾರ್ಟರ್ಸಿನಲ್ಲಿ ಹದಿನೈದು ವರ್ಷವಾದರೂ ಆ ಕ್ಲಬ್ಬಿನ ಗೇಟು ಅವರು ನೋಡಿರಲಿಲ್ಲ. "ದಿನಾ ಮುಂಜಾನೆ ಪ್ಯಾಂಟ್ ಹಾಕ್ಕೊಂಡು ಎಲ್ಲಿ ಹೋಗ್ತಿ, ಇವತ್ತರ ನೋಡೇ ಬಿಡ್ತೀನಿ," ಎಂದರು. ಕೋರ್ಟಿನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಸೆರಗಿನ ಗಂಟಿನಿಂದ ಹುರಿಗಡಲೆ ತೆಗೆದು ತಿನ್ನತೊಡಗಿದರು.

ನಮ್ಮಂಥವರ ಮ್ಯಾಚಿಗೆ ಅಂಪೈರ್ ಇರುವುದಿಲ್ಲ. ಚೆಂಡು ಯಾರ ಕಡೆ ಬಿತ್ತೋ ಅವರೇ ಒಳಗೋ ಹೊರಗೋ ಹೇಳಬೇಕು. ಅನುಮಾನ ಇದ್ದರೆ ಪಾಯಿಂಟ್ ಎದುರಿನವರಿಗೆ. ನನಗೆ ಯಾವತ್ತೂ ಅನುಮಾನ ಇರಲಿಲ್ಲ, ಸಂಕೋಚ ಇತ್ತು. ನಾನು "ಔಟ್" ಎಂದ ಕೂಡಲೇ ಆ ಕಡೆಯಿಂದ "ಶ್ಯೂರ್?" ಎಂದು ಕೇಳುತ್ತಾರೆ. ಮಾಧುರಿಯೂ ಕೇಳುತ್ತಾಳೆ, ಎಲ್ಲರೂ ಕೇಳುತ್ತಾರೆ. ಅದು ಅವರ ರೂಢಿ, ಮೋಸವೇನಲ್ಲ. ಆದರೆ ಆ ಒಂದು ಮಾತಿಗೆ ನನ್ನ ಬಾಯಿಂದ ತಾನಾಗಿಯೇ "ಇರ್ಲಿ" ಎಂದು ಬಂದುಬಿಡುತ್ತದೆ. ಸಾರಿಗೆ ಉಪ್ಪು ಕಮ್ಮಿಯಾದರೆ, ಪಕ್ಕದ ಮನೆಯವರು ನಮ್ಮ ಬಕೀಟು ಒಡೆದರೆ ಹೇಳುವ ಹಾಗೆಯೇ. ಆಮೇಲೆ ಮನೆಗೆ ಬಂದು ಪಾತ್ರೆಗಳನ್ನು ಜೋರಾಗಿ ಕುಕ್ಕುತ್ತೇನೆ.

ಶುರುವಿನಲ್ಲಿ ಮಾಧುರಿ ನನ್ನನ್ನು ಆ ಮೂಲೆಯಿಂದ ಈ ಮೂಲೆಗೆ ಓಡಿಸಿದಳು. ನಾನು ಚೆಂಡನ್ನು ಕೆಳಗೆ, ಇನ್ನೂ ಕೆಳಗೆ ಕೊಯ್ದು ಕೊಟ್ಟೆ. ನೀರು ಹೊಡೆದ ಮಣ್ಣಿನ ಕೋರ್ಟಿನಲ್ಲಿ ನನ್ನ ಸ್ಲೈಸ್ ಮೇಲಕ್ಕೇ ಏಳುವುದಿಲ್ಲ. ಎತ್ತರದ ಮಾಧುರಿಗೆ ಬಗ್ಗಿ ಆಡುವುದೆಂದರೆ ಬೇಜಾರು. ಮೂರು ಮೂರಕ್ಕೆ ಬಂದೆವು.

ಏಳನೆಯ ಗೇಮಿನಲ್ಲಿ ಸರ್ವ್ ನನ್ನದು. ಸಮಸಮ ನಡೆದಾಗ ಅವಳ ಒಂದು ಹೊಡೆತ ನನ್ನ ಬೇಸ್‌ಲೈನಿನ ಹೊರಗೆ ಬಿತ್ತು. "ಔಟ್." "ಶ್ಯೂರ್, ಶೈಲಾ?" ನಾನು ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಯಾರೋ "ಇರ್ಲಿ!" ಎಂದು ಕೂಗಿ ನಕ್ಕರು. ನಾನೂ ನಕ್ಕು "ಇರ್ಲಿ" ಎಂದೆ. ಮುಂದಿನ ಚೆಂಡು ಪಕ್ಕದ ಗೆರೆಯ ಹೊರಗೆ. ಮತ್ತೆ ಶ್ಯೂರ್, ಮತ್ತೆ ಇರ್ಲಿ. ಗೇಮು ಅವಳ ಪಾಲಾಯಿತು. ನಾಲ್ಕು ಮೂರು, ಅವಳು ಮುಂದೆ.

ಕಡೆ ಬದಲಿಸುವಾಗ ನೀರು ಕುಡಿಯಲು ಅತ್ತೆಯ ಹತ್ತಿರ ಹೋದೆ. ಅವರು ಗಲ್ಲಕ್ಕೆ ಕೈಕೊಟ್ಟು ಕೂತಿದ್ದರು.

"ಅಲ್ಲವಾ ಶೈಲಾ, ಆ ಟೋಪಿಗ್ಯಾ ಆಗಿಂದ ಏನ್ ಹೇಳಾಕತ್ತಾನ?"

ಅನಿಕೇತ್ ಪಕ್ಕದಲ್ಲಿ ಹೊಸ ಸದಸ್ಯನೊಬ್ಬನಿಗೆ ಆಟ ವಿವರಿಸುತ್ತಿದ್ದ. "ಏನಂದ ರೀ, ಅತ್ತಿ?"

"ಇರ್ಲಿ ಮತ್ಲಬ್ ಇನ್, ಕನ್ನಡಾ ಮೇ, ಅಂದ. ಚಂಡು ಒಳಗ ಬಿತ್ತು ಅನ್ನಾಕ ನೀವು ಇರ್ಲಿ ಅಂತೀರೇನು ಇಲ್ಲೆ? ನಾ ಎಪ್ಪತ್ತು ವರ್ಷದಾಗ ಹಿಂಗ ಕೇಳಿಲ್ಲವಾ!" ಎಂದವರೇ ಹುರಿಗಡಲೆ ನೆತ್ತಿಗೇರಿ ಕೆಮ್ಮುವಷ್ಟು ನಕ್ಕರು.

ನನಗೆ ನಗು ಬರಲಿಲ್ಲ. ಬಾಟಲಿ ಕೈಯಲ್ಲೇ ಉಳಿಯಿತು. ನಾಲ್ಕು ವರ್ಷದ ಒಂದೊಂದು ಇರ್ಲಿಯೂ ಕಿವಿಯಲ್ಲಿ ತಿರುಗಿ ಕೇಳಿಸಿತು. ನಾನು ದೊಡ್ಡ ಮನಸ್ಸು ಮಾಡಿ ಪಾಯಿಂಟು ಬಿಟ್ಟುಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ಅವರ ಕಿವಿಗೆ ಅದು ಚೆಂಡು ಒಳಗೆ ಬಿತ್ತು ಎಂದು ಕೇಳಿಸಿದೆ. ಹೊರಗೆ ಬಿದ್ದ ಚೆಂಡನ್ನು ನೋಡಿ, ಮೊದಲು ಔಟ್ ಎಂದು, ಆಮೇಲೆ ಇನ್ ಎನ್ನುವ ಹೆಂಗಸು! ಅವಳಿಗೆ ಜಡ್ಜ್‌ಮೆಂಟ್ ಇದೆ ಎಂದು ಯಾರು ತಾನೇ ಹೇಳುತ್ತಾರೆ? ಪಾಯಿಂಟೂ ಹೋಯಿತು, ಕೊಟ್ಟ ಪುಣ್ಯವೂ ಬರಲಿಲ್ಲ, ಮೇಲೆ ಕುರುಡಿ ಎಂಬ ಹೆಸರು. ಇಂಥ ಸಿಟ್ಟು ನನಗೆ ಮದುವೆಯಾದ ಮೇಲೆ ಬಂದೇ ಇರಲಿಲ್ಲ.

"ಅತ್ತಿ, ಸುಮ್ಮ ಕೂಡ್ರಿ. ಅದರ ಅರ್ಥ ಅವರಿಗೆ ಈಗ ಹೇಳಬ್ಯಾಡ್ರಿ," ಎಂದು ಕೋರ್ಟಿಗೆ ಇಳಿದೆ.

ಎಂಟನೆಯ ಗೇಮು ಅವಳ ಸರ್ವ್. ಚೆಂಡನ್ನು ನೆಟ್ಟಿನ ಹತ್ತಿರವೇ ಉದುರಿಸಿ ಮುಂದೆ ಎಳೆದೆ, ಬಂದವಳ ತಲೆಯ ಮೇಲಿಂದ ಎತ್ತಿ ಹಿಂದೆ ಹಾಕಿದೆ. ಮತ್ತೆ ಅದನ್ನೇ ಮಾಡಿದೆ. ನೋಡಲು ಚಂದವಿಲ್ಲದ ಆಟ, ನನಗೂ ಗೊತ್ತು. ಬೆಂಚಿನ ಮೇಲೆ ಯಾರೋ "ಯೇ ಕ್ಯಾ ಟೆನಿಸ್ ಹೈ," ಇದೂ ಒಂದು ಆಟವೇ, ಎಂದರು. ನಾಲ್ಕು ನಾಲ್ಕು ಆಯಿತು. ಒಂಬತ್ತನೆಯ ಗೇಮಿನಲ್ಲಿ ಅವಳ ಒಂದು ಚೆಂಡು ಹೊರಗೆ ಬಿತ್ತು. "ಔಟ್." "ಶ್ಯೂರ್?" ನಾನು "ಶ್ಯೂರ್" ಎಂದು ಅದೇ ಮಾತನ್ನು ಅವಳಿಗೆ ತಿರುಗಿಸಿ ಕೊಟ್ಟು ಮುಂದಿನ ಸರ್ವಿಗೆ ನಿಂತೆ. ಐದು ನಾಲ್ಕು, ನಾನು ಮುಂದೆ.

ಕೊನೆಯ ಗೇಮು ಎಳೆದಾಡಿತು. ಅವಳು ನಾಲ್ಕರ ಆಟಗಾರ್ತಿ, ಸುಮ್ಮನೆ ಬಿಟ್ಟುಕೊಡುವವಳಲ್ಲ. ಬೆವರು ಕಣ್ಣಿಗಿಳಿದಿತ್ತು. ಅಡ್ವಾಂಟೇಜ್ ನನ್ನದಾಯಿತು. ಇನ್ನೊಂದು ಪಾಯಿಂಟ್ ಸಿಕ್ಕರೆ ಬೆಳಗಿನ ಗಂಟೆ ನನಗೆ ಉಳಿಯುತ್ತದೆ. ಅವಳ ಸರ್ವನ್ನು ಕೊಯ್ದು ಕೆಳಗೆ ಇಟ್ಟೆ. ಅವಳು ಮಂಡಿ ಬಗ್ಗಿಸಿ, ಮೈಯೆಲ್ಲ ಬಲ ಹಾಕಿ ಆ ಹೆಸರುವಾಸಿ ಫೋರ್‌ಹ್ಯಾಂಡ್ ಬೀಸಿದಳು. ಚೆಂಡು ನನ್ನನ್ನು ದಾಟಿ ಹೋಗಿ ಪಕ್ಕದ ಗೆರೆಯ ಆಚೆ ಮಣ್ಣಿಗೆ ಬಡಿಯಿತು. ನಾನು ನೋಡಿದೆ. ನಾಲ್ಕು ಬೆರಳು ಹೊರಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಬೆಂಚಿನವರೆಲ್ಲ ಒಟ್ಟಿಗೆ "ಇರ್ಲಿ!" ಎಂದು ಕೂಗಿದರು. ಮಾಧುರಿಯೂ ಕೈ ಎತ್ತಿ "ಇರ್ಲಿ, ಶೈಲಾ!" ಎಂದಳು.

"ಇರಂಗಿಲ್ಲ," ಎಂದೆ.

ಅಷ್ಟು ಜೋರಾಗಿ ನಾನು ಆ ಕ್ಲಬ್ಬಿನಲ್ಲಿ ಎಂದೂ ಮಾತಾಡಿರಲಿಲ್ಲ. ಪಕ್ಕದ ಕೋರ್ಟಿನವರೂ ಆಟ ನಿಲ್ಲಿಸಿ ನೋಡಿದರು. ನಾನು ಹೋಗಿ ಮಣ್ಣಿನ ಮೇಲಿದ್ದ ಚೆಂಡಿನ ಗುರುತಿನ ಸುತ್ತ ರ‍್ಯಾಕೆಟ್ಟಿನ ತುದಿಯಿಂದ ಗುಂಡಗೆ ಗೀರಿದೆ. "ಔಟ್. ಬನ್ನಿ, ನೋಡಿ," ಎಂದು ಹಿಂದಿಯಲ್ಲಿ ಕರೆದೆ.

ಮಾಧುರಿ ನೆಟ್ ಸುತ್ತಿ ಬಂದಳು. ಹಿಂದೆ ಅನಿಕೇತ್. ಗುರುತಿಗೂ ಬಿಳಿ ಗೆರೆಗೂ ನಡುವೆ ಒದ್ದೆ ಮಣ್ಣು ನುಣ್ಣಗೆ ಕಾಣುತ್ತಿತ್ತು. ಮಾಧುರಿ ಬಗ್ಗಿ ನೋಡಿ, ಎದ್ದು, ನನ್ನ ಕೈ ಕುಲುಕಿದಳು. "ಔಟ್ ಹೈ. ವೆಲ್ ಪ್ಲೇಡ್." ಆಮೇಲೆ ಕೈ ಬಿಡದೆಯೇ, "ಮತ್ತೆ ಇರ್ಲಿ ಅಂದ್ರೆ ಇನ್ ಅಲ್ವಾ?" ಎಂದು ಕೇಳಿದಳು.

ಇನ್ನು ತಡೆಯಲಾಗದೆ ಅತ್ತೆ ಕುರ್ಚಿಯಿಂದಲೇ ತಮ್ಮ ಹಿಂದಿ ತೆಗೆದರು. "ಇನ್ ನಹೀ, ಬೇಟೀ! ಇರ್ಲಿ ಮತ್ಲಬ್ ಜಾನೇ ದೋ. ಔರ್ ಇರಂಗಿಲ್ಲ ಮತ್ಲಬ್, ಅಬ್ ಜಾನೇ ನಹೀ ದೇಗಾ!" ಹೋಗಲಿ ಬಿಡು, ಇನ್ನು ಬಿಡಂಗಿಲ್ಲ ಅನ್ನುವುದು ಅವರ ಹಿಂದಿಯಲ್ಲಿ ಹೀಗಾಗಿತ್ತು.

ಮಾಧುರಿಯ ಮುಖ ಕೆಂಪಗಾಯಿತು. "ಅಂದರೆ ಇಷ್ಟು ವರ್ಷ ಇರ್ಲಿ ಅಂದದ್ದೆಲ್ಲ..."

"ಔಟೇ," ಎಂದೆ. "ಎಲ್ಲಾ."

ಅನಿಕೇತ್ ಕನ್ನಡಕ ಒಮ್ಮೆ ಕಣ್ಣಿಗೆ, ಒಮ್ಮೆ ಟೋಪಿಗೆ ಏರಿಸಿ ಇಳಿಸಿದ. "ಕಂಗ್ರಾಟ್ಸ್, ಶೈಲಾಜೀ. ಆದರೆ ಒಂದೇ ಸೆಟ್ ಅಲ್ವಾ? ಕಮಿಟಿಯಲ್ಲಿ ಒಮ್ಮೆ ಮಾತಾಡಿ ನೋಡ್ತೀವಿ. ಮುಂದಿನ ಸೀಸನ್‌ವರೆಗೆ ಸದ್ಯಕ್ಕೆ ಮೂರೇ..." ಎಂದು ಎಳೆದು, ಈಗಷ್ಟೇ ಕಲಿತ ಪಾಠ ನೆನಪಾಗಿ, ಹಲ್ಲು ಕಿರಿದು ಕೇಳಿದ: "ಇರ್ಲಿ?"

ನಾಲ್ಕು ವರ್ಷದಲ್ಲಿ ಆ ಕ್ಲಬ್ಬಿನವರು ಆ ಮಾತನ್ನು ಸರಿಯಾದ ಅರ್ಥದಲ್ಲಿ ಆಡಿದ್ದು ಅದೇ ಮೊದಲು.

ನಾನು ಗೇಟಿನ ಪಕ್ಕದ ಕರಿ ಹಲಗೆಯ ಹತ್ತಿರ ಹೋದೆ. ಮರುದಿನದ ಕೋರ್ಟು ಬೇಕಾದವರು ಅದರ ಮೇಲೆ ಹೆಸರು, ರೇಟಿಂಗ್ ಬರೆಯಬೇಕು. ಸೋಮವಾರ ಆರು ಗಂಟೆಯ ಚೌಕ ಖಾಲಿ ಇತ್ತು. ಚಾಕ್ ತೆಗೆದುಕೊಂಡು ದಪ್ಪ ಕನ್ನಡ ಅಕ್ಷರದಲ್ಲಿ ಬರೆದೆ: ಶೈಲಾ, ಮೂರೂವರೆ.

ಅನಿಕೇತ್ ಹಿಂದೆಯೇ ಬಂದು ತನಗೆ ಓದಲು ಬಾರದ ಆ ಅಕ್ಷರ ನೋಡಿದ. "ಇದೇನು ಬರೆದಿದ್ದೀರಿ? ಇದರ ಅರ್ಥ?"

"ನಾಳೆ ಆರಕ್ಕೆ ಬಾ, ಹೇಳ್ತೀನಿ," ಎಂದು ಕೈಗೆ ಮೆತ್ತಿದ ಚಾಕಿನ ಪುಡಿ ಕೊಡವಿದೆ.